ಕಿರ್ದಿಗೆ ಸೇರದ ಬಂಡವಾಳ

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ಮೇಲಿನ ಕೆಲವು ವಾರಗಳಲ್ಲಿ ನಮ್ಮ ಸಣ್ಣ ಊರುಗಳ ಮನೆಗಳಲ್ಲಿ ಒಂದು ಬಗೆಯ ವಿಚಾರಣೆ ನಡೆಯುವುದುಂಟು. ಅದಕ್ಕೆ ನ್ಯಾಯಾಸನವಿಲ್ಲ, ವಕೀಲರಿಲ್ಲ. ರಾತ್ರಿಯ ಊಟವಾದ ಮೇಲೆ ಪಡಸಾಲೆಯಲ್ಲಿ ಹಿರಿಯರು ಕೂಡುತ್ತಾರೆ. ಎಲೆ ಅಡಿಕೆಯ ತಟ್ಟೆ ನಡುವೆ ಬರುತ್ತದೆ. ಮಾತು ಮಳೆಯಿಂದ ಆರಂಭವಾಗಿ ಭತ್ತದ ಧಾರಣೆಗೆ ಬಂದು, ಕೊನೆಗೆ ನಿಲ್ಲಬೇಕಾದ ಕಡೆಗೆ ಬಂದು ನಿಲ್ಲುತ್ತದೆ: ಹುಡುಗನನ್ನು ಕಾಲೇಜಿಗೆ ಕಳುಹಿಸುವುದೋ, ಅವನನ್ನೂ ಸೇರಿಸಿಕೊಂಡು ಮನೆಮಂದಿಯೆಲ್ಲ ಒಂದು ವ್ಯಾಪಾರಕ್ಕೆ ಕೈಹಾಕುವುದೋ? ಯಾರ ವಿಷಯವಾಗಿ ಈ ಮಾತೋ ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿರುತ್ತಾನೆ. ಕುಳಿತುಕೋ ಎನ್ನುವವರು ಯಾರೂ ಇರುವುದಿಲ್ಲ.

ಕಂಪ್ಲಿಯ ಅಂತಹ ಒಂದು ಮನೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ಹೆಸರು ಬೇಡ, ಅಂತಹ ಮನೆ ಒಂದೇ ಅಲ್ಲ. ಕಂಪ್ಲಿ ಹಳೆಯ ಊರು. ವಿಜಯನಗರ ಹುಟ್ಟುವುದಕ್ಕೆ ಮೊದಲೇ ಕಂಪಿಲರಾಯನ ಮತ್ತು ಅವನ ಮಗ ಕುಮಾರರಾಮನ ಹೆಸರಿನೊಡನೆ ಬೆಸೆದುಕೊಂಡ ಊರು. ಮಗ್ಗುಲಲ್ಲಿ ತುಂಗಭದ್ರೆ. ವಿಜಯನಗರದ ಅರಸರ ಕಾಲದ ಕಾಲುವೆಗಳು ಈ ಭಾಗದ ಗದ್ದೆಗಳಿಗೆ ಇಂದಿಗೂ ನೀರುಣಿಸುತ್ತವೆ. ಭತ್ತ, ಕಬ್ಬು, ಬಾಳೆ ಇಲ್ಲಿನ ಬೆಳೆಗಳು. ನಾವು ಊಹಿಸಿಕೊಂಡ ಮನೆಯ ಯಜಮಾನನಿಗೆ ಪೇಟೆಯಲ್ಲಿ ಒಂದು ಕಿರಾಣಿ ಅಂಗಡಿ. ಕಾಲುವೆಯ ಕೆಳಗೆ ಎರಡು ಎಕರೆ ಗದ್ದೆ. ಮಗ ವಾಣಿಜ್ಯ ವಿಷಯದಲ್ಲಿ ತೇರ್ಗಡೆಯಾಗಿದ್ದಾನೆ. ಅವನಿಗಿಂತ ಎರಡು ವರ್ಷ ಚಿಕ್ಕವಳಾದ ಮಗಳು ಹತ್ತನೆಯ ತರಗತಿಯನ್ನು ಮುಗಿಸಿದ್ದಾಳೆ.

ಅಂದಿನ ವಿಚಾರಣೆಯಲ್ಲಿ ಹುಡುಗನ ಸೋದರಮಾವನೇ ಮುಖ್ಯ ಮಾತುಗಾರ. ಆತ ಲೋಕ ಕಂಡವನು. ಒಂದು ಎಕರೆ ಗದ್ದೆಯನ್ನು ಆಧಾರ ಮಾಡಿ ಸಾಲ ತೆಗೆಯುವುದು, ಹಂಪಿಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಖಾನಾವಳಿ ತೆರೆಯುವುದು, ಇದು ಆತನ ಯೋಜನೆ.

“ಅಡಿಗಿಗೆ ನಮ್ಮಕ್ಕ ಇದ್ದಾಳ. ಗಲ್ಲಾದ ಮ್ಯಾಲ ನೀವು ಕುಂದ್ರ್ರಿ, ಭಾವಾ. ಓಡಾಡಾಕ ಹುಡುಗ ಅದಾನ. ಸಂಬಳದ ಆಳು ಒಬ್ಬನೂ ಬೇಕಾಗಂಗಿಲ್ಲ.”

“ಅವನು ಬಿ.ಕಾಂ. ಓದ್ತೀನಿ ಅಂತಾನಲ್ಲಪ್ಪ.”

“ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಹಿರೇರು ಸುಮ್ಮನ ಅಂದಾರೇನು?”

ಮಾವನ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಪದವಿಯ ಪ್ರಮಾಣಪತ್ರವನ್ನು ಪೆಟ್ಟಿಗೆಯಲ್ಲಿಟ್ಟು, ಅರ್ಜಿಯ ಮೇಲೆ ಅರ್ಜಿ ಹಾಕುತ್ತ, ಮೂವತ್ತರ ಅಂಚಿಗೆ ಬಂದ ತರುಣರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಅವರನ್ನು ಕಂಡ ತಂದೆ ಕಾಲೇಜೆಂದರೆ ಮೂರು ವರ್ಷದ ಖರ್ಚು ಎಂದು ಅಳುಕಿದರೆ ಅದು ಅಜ್ಞಾನವಲ್ಲ. ವಾಣಿಜ್ಯದ ಪದವೀಧರನಾಗಿಯೂ ಒಂದು ನಿಜವಾದ ಅಂಗಡಿಯ ಕಿರ್ದಿ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡದವನು ಇರಬಹುದೆಂಬುದನ್ನು ಅಧ್ಯಾಪಕರಾದವರು ಸಂಕೋಚದಿಂದಲಾದರೂ ಒಪ್ಪಬೇಕು. ಹೀಗಿರುವಾಗ ತಾಯಿಯ ಕೈರುಚಿ, ತಂದೆಯ ಅನುಭವ, ಮಗನ ಹುರುಪು ಇವು ಮೂರೂ ಒಂದೇ ಸೂರಿನ ಕೆಳಗೆ ದುಡಿದರೆ ಕೆಡುವುದೇನು?

ಈ ಪ್ರಶ್ನೆಗೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಇದೇ ಪ್ರಾಂತದಲ್ಲಿ, ನಮ್ಮ ಕಾಲದಲ್ಲಿಯೇ, ಇಂತಹ ವಿಚಾರಣೆ ಎಷ್ಟೋ ಮನೆಗಳಲ್ಲಿ ಏಕಕಾಲಕ್ಕೆ ನಡೆಯಿತು. ತೀರ್ಪು ವ್ಯಾಪಾರದ ಪರವಾಗಿ ಬಂದಿತು. ಅದರ ಪರಿಣಾಮವನ್ನು ನಾವೆಲ್ಲರೂ ಕಂಡಿದ್ದೇವೆ.

2003ರ ಸುಮಾರಿನಿಂದ ಕಬ್ಬಿಣದ ಅದಿರಿನ ಬೆಲೆ ಏರತೊಡಗಿತು. ಚೀನಾ ದೇಶ 2008ರ ಒಲಿಂಪಿಕ್ ಕ್ರೀಡೆಗಳಿಗೆ ಅಣಿಯಾಗುತ್ತಿದ್ದ ಕಾಲ ಅದು. ಅಲ್ಲಿಯ ಉಕ್ಕಿನ ಕಾರ್ಖಾನೆಗಳಿಗೆ ಎಷ್ಟು ಅದಿರಾದರೂ ಸಾಲದು. ಸಂಡೂರಿನ ಬೆಟ್ಟಗಳಿಂದ ಅಗೆದ ಮಣ್ಣು ಬೇಲೆಕೇರಿ ಮೊದಲಾದ ಬಂದರುಗಳಿಗೆ ಹೋಗಬೇಕು. ಹೋಗುವುದಕ್ಕೆ ಲಾರಿಗಳು ಬೇಕು. ಹೊಸಪೇಟೆ, ಸಂಡೂರು, ಬಳ್ಳಾರಿಯ ಸುತ್ತಿನ ಮನೆಮನೆಗಳಲ್ಲಿ ಲಾರಿಯ ಮಾತೇ ಮಾತಾಯಿತು. ಹೊಲ ಮಾರಿದವರುಂಟು, ಹೆಂಡತಿಯ ಕೊರಳಿನದನ್ನು ಅಡವಿಟ್ಟವರುಂಟು, ಫೈನಾನ್ಸ್ ಕಂಪನಿಗಳಿಂದ ಸಾಲ ಎತ್ತಿದವರಂತೂ ಲೆಕ್ಕವಿಲ್ಲ. ಅಣ್ಣ ಓಡಿಸಿದರೆ ತಮ್ಮ ಕ್ಲೀನರು. ಅಪ್ಪ ಡೀಸೆಲ್ಲಿನ ಲೆಕ್ಕ ಬರೆಯುವನು. ಅದೂ ಒಂದು ಬಗೆಯಲ್ಲಿ ಮನೆಮಂದಿಯ ವ್ಯಾಪಾರವೇ. ತರಗತಿಯ ಹಿಂದಿನ ಬೆಂಚುಗಳಲ್ಲಿ ಕುಳಿತ ಹುಡುಗರಿಗೆ ಹೆದ್ದಾರಿಯ ಮೇಲೆ ಕೆಂಪು ಧೂಳೆಬ್ಬಿಸುತ್ತ ಸಾಲುಗಟ್ಟಿ ಹೋಗುವ ಲಾರಿಗಳು ಪಾಠಕ್ಕಿಂತ ಸ್ಪಷ್ಟವಾಗಿ ಮಾತನಾಡುತ್ತಿದ್ದವು. ಪದವೀಧರ ಗುಮಾಸ್ತನ ಸಂಬಳಕ್ಕಿಂತ ಹೆಚ್ಚಿನದನ್ನು ಒಂದು ಲಾರಿ ದುಡಿದು ಕೊಡುವಾಗ, ಪುಸ್ತಕ ಹಿಡಿದು ಕುಳಿತವನೇ ಮೂರ್ಖನೆಂದು ಕಂಡರೆ ಆಶ್ಚರ್ಯವೇನು?

2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆಯಿತು. ಮರು ವರ್ಷದ ಜುಲೈ ಕೊನೆಯಲ್ಲಿ, ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಮೇಲಿನ ತಮ್ಮ ವರದಿಯನ್ನು ಒಪ್ಪಿಸಿದ ಆ ದಿನಗಳಲ್ಲಿಯೇ, ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಬೆಟ್ಟಗಳಿಗೆ ಆಗಿದ್ದ ಹಾನಿಯನ್ನು ನೋಡಿದರೆ ಅದು ನ್ಯಾಯವಾದ ಆಜ್ಞೆ. ಆದರೆ ಲಾರಿಗಳು ನಿಂತಲ್ಲಿಯೇ ನಿಂತವು. ಕಂತು ಮಾತ್ರ ನಿಲ್ಲಲಿಲ್ಲ. ಸಾಲ ಕೊಟ್ಟವರು ಬಂದು ಎಷ್ಟೋ ಲಾರಿಗಳನ್ನು ಎಳೆದೊಯ್ದರು. ಕೆಲವು ಗುಜರಿಯವನ ಪಾಲಾದವು. ಮುಂದೆ 2012ರಿಂದ ನ್ಯಾಯಾಲಯದ ಕಟ್ಟುಪಾಡುಗಳಿಗೆ ಒಳಪಟ್ಟು ಕೆಲವು ಗಣಿಗಳು ಮತ್ತೆ ತೆರೆದವು. ಗಣಿ ಮರಳಿ ಬಂದಿತು. ಹದಿನೆಂಟರಲ್ಲಿ ಕಾಲೇಜು ಬಿಟ್ಟು ಇಪ್ಪತ್ತಾರರಲ್ಲಿ ಸಾಲಗಾರನಾಗಿ ಮನೆಗೆ ಬಂದವನಿಗೆ ಆ ಎಂಟು ವರ್ಷಗಳು ಮರಳಿ ಬರಲಿಲ್ಲ. ಸಾಲಪತ್ರದ ಸಣ್ಣಕ್ಷರದ ಇಂಗ್ಲಿಷನ್ನು ಓದಿ ಅರ್ಥ ಹೇಳಬಲ್ಲವನೇ ಮನೆಯಲ್ಲಿ ಸ್ಟಿಯರಿಂಗ್ ಹಿಡಿಯಹೋಗಿದ್ದನಲ್ಲವೆ?

ಆ ಜುಲೈ ತಿಂಗಳಿನಲ್ಲಿಯೇ ಹಂಪಿಯಲ್ಲಿಯೂ ಒಂದು ಘಟನೆ ನಡೆಯಿತು. ವಿರೂಪಾಕ್ಷನ ಗುಡಿಯ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ಮತ್ತು ಅದರ ಆಸುಪಾಸಿನಲ್ಲಿ ಹಲವು ಸಂಸಾರಗಳು ಅಂಗಡಿ, ಊಟದ ಮನೆ, ಯಾತ್ರಿಕರ ಕೋಣೆಗಳನ್ನು ನಡೆಸಿಕೊಂಡು ಬಾಳುತ್ತಿದ್ದವು. ಸ್ಮಾರಕಗಳ ರಕ್ಷಣೆಗಾಗಿ ಅವನ್ನು ತೆರವು ಮಾಡಲಾಯಿತು. 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಕ್ಷೇತ್ರಕ್ಕೆ ಕಟ್ಟುನಿಟ್ಟು ಬೇಕೆಂಬುದೂ ನಿಜ, ಯಂತ್ರ ಬಂದು ಗೋಡೆ ಉರುಳಿಸಿದಾಗ ಒಳಗಿದ್ದದ್ದು ಒಂದು ಮನೆತನದ ಅನ್ನ ಎಂಬುದೂ ಅಷ್ಟೇ ನಿಜ. 2020ರಲ್ಲಿ ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲಿಯೂ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇಲೆ ಪ್ರವಾಸಿಗರ ವಸತಿಗಳು ನೆಲಸಮವಾದವು. ಬೇಸಾಯವನ್ನೇ ನೆಚ್ಚುತ್ತೇವೆ ಎನ್ನೋಣವೆಂದರೆ ಅದಕ್ಕೂ ಭರವಸೆಯಿಲ್ಲ. 2024ರ ಆಗಸ್ಟಿನ ಒಂದು ರಾತ್ರಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕಿತ್ತುಹೋಗಿ ತುಂಬಿದ ಜಲಾಶಯದ ನೀರು ಹರಿದುಹೋಗುವಾಗ ಈ ಸೀಮೆಯ ರೈತರು ಪಟ್ಟ ತಳಮಳ ಇನ್ನೂ ಹಸಿಯಾಗಿದೆ.

ಇದರಿಂದ ವ್ಯಾಪಾರವೇ ಕೆಟ್ಟದ್ದು, ಕಾಲೇಜೇ ಗತಿ ಎಂದು ತೀರ್ಮಾನಿಸಿದರೆ ಇನ್ನೊಂದು ತಪ್ಪಾದೀತು. ಕಾಲೇಜಿನ ಮೆಟ್ಟಿಲು ಹತ್ತದೆ ಮನೆಮಂದಿ ಸೇರಿ ಕಟ್ಟಿದ ಉದ್ಯಮಗಳು ಕನ್ನಡನಾಡಿನಲ್ಲಿ ಬೇಕಾದಷ್ಟಿವೆ. ಉಡುಪಿಯ ಕಡೆಯ ಪಾರಂಪಳ್ಳಿಯಿಂದ ಬೆಂಗಳೂರಿಗೆ ಬಂದ ಮಯ್ಯ ಸೋದರರು ಅಡುಗೆಯ ಕೆಲಸದಿಂದ ಬದುಕು ಆರಂಭಿಸಿ, 1924ರಲ್ಲಿ ಒಂದು ಸಣ್ಣ ಉಪಾಹಾರಗೃಹವನ್ನು ತೆರೆದರು. ಅದೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ಆದರೆ ಅವರ ಕಥೆಯಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಒಂದು ಅಂಶವಿದೆ. 1951ರಲ್ಲಿ ಯಜ್ಞನಾರಾಯಣ ಮಯ್ಯರು ಯೂರೋಪಿಗೆ ಹೋಗಿ, ಅಲ್ಲಿಯ ಊಟದ ಮನೆಗಳು ಶುಚಿತ್ವವನ್ನು ಹೇಗೆ ಕಾಪಾಡುತ್ತವೆಂಬುದನ್ನು ಕಣ್ಣಾರೆ ಕಂಡುಬಂದರು. ಪಾತ್ರೆ ಲೋಟಗಳನ್ನು ಕುದಿಸಿ ಶುದ್ಧಗೊಳಿಸುವ ಪದ್ಧತಿಯನ್ನು ತಮ್ಮಲ್ಲಿ ತಂದರು. ದೇಶ ಸುತ್ತು, ಕೋಶ ಓದು ಎಂಬ ಗಾದೆಯಲ್ಲಿ ಅವರು ಮೊದಲನೆಯದನ್ನು ಆರಿಸಿಕೊಂಡರು. ಮುಂದೆ 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆಯನ್ನು ಸರ್ಕಾರ ಇಳಿಸಿದಾಗ ಹೋಟಲು ನಷ್ಟಕ್ಕೆ ಸಿಕ್ಕಿತು. ಆಗ ಮನೆತನದ ಮುಂದಿನ ಪೀಳಿಗೆ ಸಿದ್ಧ ಹಿಟ್ಟುಗಳನ್ನು ಪೊಟ್ಟಣ ಕಟ್ಟಿ ಮಾರುವ ದಾರಿಯನ್ನು ಹಿಡಿಯಿತು. ಓದು ಅವರ ಮನೆಯಲ್ಲಿ ನಿಂತಿರಲಿಲ್ಲ. ಅದು ಕಾಲೇಜಿನಲ್ಲಿ ನಡೆಯಲಿಲ್ಲ, ಅಷ್ಟೆ.

ಇದಕ್ಕಿಂತಲೂ ನಮ್ಮ ಪಡಸಾಲೆಯ ವಿಚಾರಣೆಗೆ ಹತ್ತಿರವಾದದ್ದು ಮಣಿಪಾಲದ ಪೈ ಸೋದರರ ಉದಾಹರಣೆ. ಅಣ್ಣ ಉಪೇಂದ್ರ ಪೈ ವ್ಯಾಪಾರದಲ್ಲಿ ನಿಂತವರು. ತಮ್ಮ ಟಿ. ಎಂ. ಎ. ಪೈ ಮದರಾಸಿನಲ್ಲಿ ವೈದ್ಯ ವಿದ್ಯೆಯನ್ನು ಓದಿ ಊರಿಗೆ ಬಂದವರು. ಇಬ್ಬರೂ ವಾಮನ ಶ್ರೀನಿವಾಸ ಕುಡ್ವರೊಡನೆ ಕೂಡಿ 1925ರಲ್ಲಿ ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿಯ ಬಂಡವಾಳದಿಂದ ಒಂದು ಬ್ಯಾಂಕನ್ನು ತೆರೆದರು. ಆಗ ಕಷ್ಟದಲ್ಲಿದ್ದ ಕರಾವಳಿಯ ನೇಕಾರರಿಗೆ ನೆರವಾಗುವುದು ಅದರ ಉದ್ದೇಶ. 1928ರಲ್ಲಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಉಳಿತಾಯ ಕೂಡಿಸುವ ಪಿಗ್ಮಿ ಯೋಜನೆ ಅಲ್ಲಿ ಹುಟ್ಟಿತು. ಆ ಬ್ಯಾಂಕೇ ಸಿಂಡಿಕೇಟ್ ಬ್ಯಾಂಕ್ ಎಂದು ಬೆಳೆದು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ತಲೆಯೆತ್ತಿತು. ಒಬ್ಬನ ಕೈಯಲ್ಲಿ ತಕ್ಕಡಿ, ಇನ್ನೊಬ್ಬನ ಕೈಯಲ್ಲಿ ಪುಸ್ತಕ. ಮನೆ ಎರಡನ್ನೂ ಉಳಿಸಿಕೊಂಡಿತು. ಕಾಲೇಜೋ ವ್ಯಾಪಾರವೋ ಎಂದು ಒಂದನ್ನು ಕೊಂದು ಒಂದನ್ನು ಬದುಕಿಸುವ ಪ್ರಶ್ನೆಯೇ ಅಲ್ಲಿ ಏಳಲಿಲ್ಲ.

ನಮ್ಮ ಬಳ್ಳಾರಿ ಸೀಮೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. 1953ರವರೆಗೆ ಈ ಜಿಲ್ಲೆ ಮದರಾಸು ಪ್ರಾಂತದಲ್ಲಿ ಸೇರಿತ್ತು. ಪದವಿಯ ಆಸೆಯುಳ್ಳವನು ಅನಂತಪುರಕ್ಕೋ ಮದರಾಸಿಗೋ ಗಂಟು ಕಟ್ಟಬೇಕಾಗಿದ್ದ ಕಾಲ ಒಂದಿತ್ತು. 1916ರಲ್ಲಿ ಹುಟ್ಟಿದ ವೀರಶೈವ ವಿದ್ಯಾವರ್ಧಕ ಸಂಘ 1945ರಲ್ಲಿ ಬಳ್ಳಾರಿಯಲ್ಲಿ ಕಾಲೇಜನ್ನು ತೆರೆಯಿತು. 1964ರಲ್ಲಿ ಹೊಸಪೇಟೆಯಲ್ಲಿ ವಿಜಯನಗರ ಕಾಲೇಜು ಬಂದಿತು. ಇಂತಹ ಸಂಸ್ಥೆಗಳು ಸರ್ಕಾರದ ಹಣವೊಂದರಿಂದಲೇ ಎದ್ದವಲ್ಲ. ನಾಡಿನ ಯಾವ ಭಾಗವನ್ನು ನೋಡಿದರೂ ಹಳೆಯ ಕಾಲೇಜಿನ ಹೆಸರಿನ ಹಿಂದೆ ಒಬ್ಬ ಜಮೀನುದಾರನೋ ವರ್ತಕನೋ ಇರುವುದು ಸಾಮಾನ್ಯ. ಮೈಸೂರಿನಲ್ಲಿ ಸಾಹುಕಾರ್ ಬನುಮಯ್ಯನವರ ಹೆಸರಿನ ವಿದ್ಯಾಸಂಸ್ಥೆಗಳಿವೆ. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಕಾಲೇಜು ಶಿರಸಂಗಿ ಲಿಂಗರಾಜರ ಹೆಸರನ್ನು ಹೊತ್ತಿದೆ. ತಕ್ಕಡಿ ಹಿಡಿದವನು ತನ್ನ ಗಳಿಕೆಯಿಂದ ಕಾಲೇಜಿಗೆ ಕಲ್ಲು ಹೊರಿಸಿದನೇಕೆ? ತನ್ನ ಕಿರ್ದಿಯಲ್ಲಿ ಒಂದು ಕಲಮು ಖಾಲಿ ಬಿದ್ದಿರುವುದು ಅವನಿಗೆ ಗೊತ್ತಿತ್ತು ಎಂದೇ ತೋರುತ್ತದೆ.

ಆ ಖಾಲಿ ಕಲಮಿನ ಮಾತಿಗೆ ಈಗ ಬರೋಣ. ಮಾವನ ಯೋಜನೆಯಲ್ಲಿ ಸಾಲದ ಮೊತ್ತವಿದೆ, ಬಡ್ಡಿಯಿದೆ, ಬಾಡಿಗೆಯಿದೆ, ಅಕ್ಕಿ ಬೇಳೆ ಎಣ್ಣೆಯ ಲೆಕ್ಕವಿದೆ. ಸಂಬಳದ ಆಳು ಬೇಕಾಗಿಲ್ಲವೆಂಬುದು ಅದರ ದೊಡ್ಡ ಲಾಭವೆಂದು ಆತ ಹೇಳುತ್ತಾನೆ. ದೋಷವಿರುವುದು ಅಲ್ಲಿಯೇ. ಆಳು ಬೇಕಾಗಿಲ್ಲವೆಂದರೆ ಆಳಿನ ಕೆಲಸವಿಲ್ಲವೆಂದು ಅರ್ಥವಲ್ಲ. ಆ ಕೆಲಸವನ್ನು ಕೂಲಿಯಿಲ್ಲದೆ ಮಾಡುವವರು ಮನೆಯಲ್ಲಿದ್ದಾರೆಂದು ಅರ್ಥ. ತಾಯಿ ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುವಳು. ಮಗ ತನ್ನ ಹದಿನೆಂಟರಿಂದ ಇಪ್ಪತ್ತೈದರವರೆಗಿನ ವರ್ಷಗಳನ್ನು ಸುರಿಯುವನು. ಮನೆಮಂದಿಯ ವ್ಯಾಪಾರಕ್ಕೆ ನಿಜವಾದ ಬಂಡವಾಳ ಆ ವರ್ಷಗಳು. ಬ್ಯಾಂಕಿನ ಸಾಲ ದಾಖಲಾಗುತ್ತದೆ; ಮಗನಿಂದ ತೆಗೆದ ಸಾಲ ಯಾವ ಕಿರ್ದಿಯಲ್ಲಿಯೂ ದಾಖಲಾಗುವುದಿಲ್ಲ. ಆದುದರಿಂದ ಅದನ್ನು ತೀರಿಸಬೇಕೆಂಬ ನೆನಪೂ ಯಾರಿಗೂ ಇರುವುದಿಲ್ಲ.

ಪರಿಹಾರ ಕಠಿಣವಾದುದಲ್ಲ. ಖಾನಾವಳಿ ತೆರೆಯಲಿ, ಆದರೆ ಮೊದಲ ದಿನದಿಂದಲೇ ತಾಯಿಗೆ ಇಷ್ಟು, ಮಗನಿಗೆ ಇಷ್ಟು ಎಂದು ಹೊರಗಿನ ಆಳಿಗೆ ಕೊಡಬೇಕಾಗಿದ್ದ ಸಂಬಳವನ್ನು ಅವರ ಹೆಸರಿಗೆ ಖರ್ಚು ಬರೆಯಲಿ. ಹಾಗೆ ಬರೆದ ಮೇಲೂ ತಿಂಗಳ ಕೊನೆಗೆ ಲಾಭ ಉಳಿದರೆ ಅದು ವ್ಯಾಪಾರ. ಬರೆದೊಡನೆ ನಷ್ಟ ಕಂಡರೆ, ಆ ಮನೆ ಅನ್ನ ಮಾರಿ ಬದುಕುತ್ತಿಲ್ಲ. ಮಕ್ಕಳ ವಯಸ್ಸನ್ನು ಮಾರಿ ಬದುಕುತ್ತಿದೆ. ಇದನ್ನು ಪರೀಕ್ಷಿಸಲು ಪದವಿ ಬೇಕಾಗಿಲ್ಲ, ಒಂದು ನೋಟುಬುಕ್ಕು ಸಾಕು. ಕಾಲೇಜಿಗೂ ಇದೇ ಅಳತೆ ಸಲ್ಲಬೇಕು. ಮೂರು ವರ್ಷ ಅಂಗಡಿಗೆ ಬಾರದೆ, ತರಗತಿಗೂ ಹೋಗದೆ, ಬಸ್ ನಿಲ್ದಾಣದಲ್ಲಿ ಕಾಲ ಕಳೆದವನೂ ತಂದೆಯ ಬಂಡವಾಳವನ್ನೇ ತಿಂದವನು.

ಎರಡನೆಯ ವಿವೇಕ ಬಾಗಿಲುಗಳಿಗೆ ಸಂಬಂಧಿಸಿದ್ದು. ಮುಚ್ಚಿದರೆ ಮತ್ತೆ ತೆರೆಯುವ ಬಾಗಿಲು ಯಾವುದು, ತೆರೆಯದ ಬಾಗಿಲು ಯಾವುದು? ಖಾನಾವಳಿಯನ್ನು ಮೂರು ವರ್ಷ ಬಿಟ್ಟು ತೆರೆದರೂ ಹಂಪಿಗೆ ಬರುವ ಯಾತ್ರಿಕರಿಗೆ ಹಸಿವಾಗದೆ ಇರುವುದಿಲ್ಲ. ಹದಿನೆಂಟರಲ್ಲಿ ಬಿಟ್ಟ ಓದನ್ನು ಸಾಲ, ಸಂಸಾರ ಎಲ್ಲವೂ ಕೊರಳಿಗೆ ಬಿದ್ದ ಮೇಲೆ ಮತ್ತೆ ಹಿಡಿಯುವವರು ವಿರಳ. ತಂದೆ ಹಾಸಿಗೆ ಹಿಡಿದಿರುವ ಮನೆಯಲ್ಲಿ, ಸಾಲಗಾರ ಬಾಗಿಲಲ್ಲಿ ನಿಂತಿರುವ ಮನೆಯಲ್ಲಿ ಈ ಲೆಕ್ಕ ಬೇರೆಯಾದೀತು. ಅಂತಹ ಮನೆಯ ಹುಡುಗ ಅಂಗಡಿಗೆ ಹೋಗಬೇಕಾದರೂ ಬಾಗಿಲನ್ನು ಪೂರಾ ಮುಚ್ಚಬೇಕಾಗಿಲ್ಲ. ಮನೆಯಲ್ಲಿದ್ದುಕೊಂಡೇ ಪದವಿ ಓದಿಸುವ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಮೈಸೂರಿನಲ್ಲಿದೆ. ಹೊಸಪೇಟೆಗೆ ಕಂಪ್ಲಿಯಿಂದ ಸುಮಾರು 30 ಕಿಲೋಮೀಟರು. ಹೊಳೆ ದಾಟಿದರೆ ಗಂಗಾವತಿ. ಹೊಳೆಗೆ ನೀರು ಹೆಚ್ಚು ಬಿಟ್ಟ ದಿನಗಳಲ್ಲಿ ಸೇತುವೆ ಮುಳುಗಿ ಆ ದಾರಿ ಕೆಲವು ದಿನ ನಿಲ್ಲುವುದುಂಟು. ನೀರು ಇಳಿದ ಮೇಲೆ ಬಸ್ಸು ಮತ್ತೆ ಓಡುತ್ತದೆ. ಓದೂ ಹಾಗೆ ಕೆಲವು ದಿನ ನಿಂತರೆ ನಿಲ್ಲಲಿ, ಸೇತುವೆಯನ್ನೇ ಕೆಡವಬಾರದು.

ಇಷ್ಟು ಹೊತ್ತು ನಾವೂ ಆ ಪಡಸಾಲೆಯ ಹಿರಿಯರಂತೆಯೇ ಮಗನ ಮಾತನ್ನೇ ಆಡಿದೆವು. ಒಳಮನೆಯಲ್ಲಿ ತಟ್ಟೆ ತೊಳೆಯುತ್ತಿರುವ ಮಗಳು ಇದನ್ನೆಲ್ಲ ಕೇಳಿಸಿಕೊಂಡಿದ್ದಾಳೆ. ಅವಳ ಅಂಕಗಳು ಅಣ್ಣನ ಅಂಕಗಳಿಗಿಂತ ಮೇಲು. ಮಾವನ ಯೋಜನೆಯಲ್ಲಿ ಅವಳ ಹೆಸರು ಬರಲಿಲ್ಲ, ತಂದೆಯ ಅನುಮಾನದಲ್ಲಿಯೂ ಬರಲಿಲ್ಲ. ಆದರೆ ಖಾನಾವಳಿ ತೆರೆದ ದಿನ ತಾಯಿಯ ಪಕ್ಕದಲ್ಲಿ ಈರುಳ್ಳಿ ಹೆಚ್ಚುವವಳು ಯಾರೆಂಬುದು ಹೇಳದೆಯೇ ಎಲ್ಲರಿಗೂ ಗೊತ್ತು. ಅಣ್ಣನಿಗೆ ಕಾಲೇಜೋ ವ್ಯಾಪಾರವೋ ಎಂಬ ಆಯ್ಕೆಯಾದರೂ ಇದೆ. ಅವಳಿಗೆ ಪ್ರಶ್ನೆಯೇ ಇಲ್ಲ. ದೂರದ ಕಾಲೇಜಿಗೆ ಹೋಗಿಬರುವ ಬಸ್ಸಿನ ಖರ್ಚನ್ನು ಮುಂದಿಟ್ಟು ಹೆಣ್ಣುಮಕ್ಕಳ ಓದನ್ನು ನಿಲ್ಲಿಸುವ ವಾಡಿಕೆಯಿತ್ತು. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಹಣವನ್ನು ತೆಗೆದುಹಾಕಿ ಆ ನೆಪದ ಬೇರನ್ನೇ ಕಿತ್ತಿತು. ಉಳಿದದ್ದು ಮನಸ್ಸೊಂದೇ. ಮನೆಮಂದಿಯ ವ್ಯಾಪಾರವೆನ್ನುವಾಗ ಮಂದಿ ಎಂಬ ಮಾತಿನಲ್ಲಿ ಅವಳೂ ಇದ್ದಾಳೆ. ಅವಳ ವರ್ಷಗಳನ್ನೂ ಕಿರ್ದಿಗೆ ಬರೆಯಬೇಕು.

ಕಂಪ್ಲಿಯ ಯಾವ ರೈತನಿಗೂ ಒಂದು ವಿಷಯವನ್ನು ಕಲಿಸಬೇಕಾಗಿಲ್ಲ. ಮನೆಯಲ್ಲಿ ಅಕ್ಕಿ ತೀರಿದರೂ ಬಿತ್ತನೆಗೆಂದು ತೆಗೆದಿಟ್ಟ ಭತ್ತದ ಚೀಲಕ್ಕೆ ಅವನು ಕೈಹಾಕುವುದಿಲ್ಲ. ಕೈಹಾಕಲೇಬೇಕಾದ ವರ್ಷ ಬಂದರೂ, ಎಷ್ಟು ಸೇರು ತೆಗೆದೆನೆಂಬುದನ್ನು ಮರೆಯುವುದಿಲ್ಲ. ಸುಗ್ಗಿಯಲ್ಲಿ ಮೊದಲು ತುಂಬುವುದು ಆ ಚೀಲವನ್ನೇ. ಗದ್ದೆಯಲ್ಲಿ ಇರುವ ಈ ಎಚ್ಚರ ಪಡಸಾಲೆಗೂ ಬಂದರೆ ಸಾಕು. ಕಾಲೇಜೋ ಖಾನಾವಳಿಯೋ ಎಂಬುದನ್ನು ಆಯಾ ಮನೆಯೇ ನಿರ್ಧರಿಸಲಿ. ಅದಕ್ಕೆ ಮೊದಲು ಬಾಗಿಲಿಗೆ ಒರಗಿ ನಿಂತವನನ್ನು ಕರೆದು ಕೂರಿಸಲಿ. ಒಳಗೆ ತಟ್ಟೆ ತೊಳೆಯುತ್ತಿರುವವಳನ್ನೂ ಕೂಗಿ ಕರೆಯಲಿ. ನಿಮಗೇನು ಬೇಕೆಂದು ಇಬ್ಬರನ್ನೂ ಕೇಳಲಿ.